ಕೇಳುಗರ ಕಟ್ಟೆ: ‘ಮಿ ತಿಯೆರಾ’ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಇದೇ ಅಂಕಣದಲ್ಲಿ ಕ್ಯೂಬಾ ಮೂಲದ ಅಮೆರಿಕದ ಗಾಯಕಿ ಗ್ಲೋರಿಯಾ ಎಸ್ತೆಫಾನ್ ಅವರ 1993ರ ಸ್ಪ್ಯಾನಿಷ್ ಆಲ್ಬಂ ‘ಮಿ ತಿಯೆರಾ’ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹಳೇ ಕ್ಯೂಬಾ ಸಂಗೀತಕ್ಕೆ ಹೊಸ ಪಾಪ್ ಸೇರಿಸಿದ ಆಲ್ಬಂ ಇದು, ಬಿಡುವಾದಾಗ ಕೇಳಿ ಅಂದಿದ್ದೆ, ಅಷ್ಟೇ. ಬಂದ ಪ್ರಶ್ನೆಗಳನ್ನು ನೋಡಿದರೆ ತುಂಬಾ ಜನ ಕೇಳಿದ್ದೀರಿ. ಕೆಲವರಿಗೆ ಹಿಡಿಸಿದೆ, ಕೆಲವರಿಗೆ ನನ್ನ ಮೇಲೆ ಸಿಟ್ಟು ಬಂದಿದೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ಹಿಡಿದು ಕೂತಿದ್ದೇನೆ.

ಪ್ರಶ್ನೆ: ‘ಮಿ ತಿಯೆರಾ’ ಅಂದರೆ ಏನು? ‘ಕಾಂಗಾ’ ಅಂತ ಒಂದು ಇಂಗ್ಲಿಷ್ ಹಾಡಿದೆಯಲ್ಲ, ಅದನ್ನು ಹಾಡಿದ ಗ್ಲೋರಿಯಾ ಇವರೇನಾ?

ಇವರೇ. 1985ರಲ್ಲಿ ‘ಮಯಾಮಿ ಸೌಂಡ್ ಮೆಷೀನ್’ ತಂಡದ ಜೊತೆ ಹಾಡಿದ್ದು ಅದು. ‘ತಿಯೆರಾ’ ಅಂದರೆ ನೆಲ. ಮಣ್ಣು ಅಂತಲೂ ಆಗುತ್ತದೆ, ಹುಟ್ಟಿದ ನಾಡು ಅಂತಲೂ ಆಗುತ್ತದೆ. ಕನ್ನಡದ ‘ನೆಲ’ ಇದಕ್ಕೆ ಸರಿಯಾಗಿ ಕೂರುತ್ತದೆ. ‘ನನ್ನ ನೆಲ’ ಅಂದುಕೊಂಡು ಕೇಳಿ.

ಪ್ರಶ್ನೆ: ಇಂಗ್ಲಿಷಿನಲ್ಲಿ ಅಷ್ಟೊಂದು ಹೆಸರು, ದುಡ್ಡು ಮಾಡಿದವರು ಇದ್ದಕ್ಕಿದ್ದಂತೆ ಸ್ಪ್ಯಾನಿಷಿಗೆ ಯಾಕೆ ಬಂದರು? ಹೊಸ ಮಾರುಕಟ್ಟೆ ಹಿಡಿಯೋ ಲೆಕ್ಕಾಚಾರ ಇರಬೇಕು, ಅಲ್ವಾ?

ಲೆಕ್ಕಾಚಾರ ಇರಲೇ ಇಲ್ಲ ಅಂತ ನಾನು ಹೇಳೋದಿಲ್ಲ. ಅವರ ಗಂಡ ಎಮಿಲಿಯೊ ಎಸ್ತೆಫಾನ್ ಆಲ್ಬಂನ ನಿರ್ಮಾಪಕ, ವ್ಯಾಪಾರ ಚೆನ್ನಾಗಿ ಗೊತ್ತಿದ್ದ ಮನುಷ್ಯ. ಆದರೆ ‘ಇದ್ದಕ್ಕಿದ್ದಂತೆ’ ಅನ್ನೋದು ಸರಿಯಲ್ಲ. ಮಯಾಮಿ ಸೌಂಡ್ ಮೆಷೀನ್ ಶುರುವಿನಲ್ಲಿ ಸ್ಪ್ಯಾನಿಷಿನಲ್ಲೇ ಆಲ್ಬಂಗಳನ್ನು ಮಾಡುತ್ತಿತ್ತು. ಆಗಿನ ಕೇಳುಗರೆಲ್ಲ ಲ್ಯಾಟಿನ್ ಅಮೆರಿಕದವರು. ಇಂಗ್ಲಿಷ್ ಆಮೇಲೆ ಬಂತು, ಬಂದಮೇಲೆ ಉಳಿದದ್ದನ್ನೆಲ್ಲ ನುಂಗಿಬಿಟ್ಟಿತು. ಹಾಗೆ ನೋಡಿದರೆ 1993ರದ್ದು ಮನೆಗೆ ವಾಪಸ್ ಬಂದ ಹಾಗೆ. ಅವರ ಒಬ್ಬರ ಹೆಸರಿನಲ್ಲಿ ಬಂದ ಮೊದಲ ಸ್ಪ್ಯಾನಿಷ್ ಆಲ್ಬಂ ಇದು.

ನಡುವೆ ಇನ್ನೊಂದು ಆಯಿತು. 1990ರ ಮಾರ್ಚಿನಲ್ಲಿ ಪೆನ್ಸಿಲ್ವೇನಿಯಾದಲ್ಲಿ ಅವರ ತಂಡದ ಬಸ್ಸಿಗೆ ಲಾರಿ ಗುದ್ದಿ ಅವರ ಬೆನ್ನುಮೂಳೆ ಮುರಿಯಿತು. ಲೋಹದ ಸರಳು ಹಾಕಿ ಶಸ್ತ್ರಚಿಕಿತ್ಸೆ ಮಾಡಿದರು. ಮತ್ತೆ ವೇದಿಕೆ ಹತ್ತೋಕೆ ಸುಮಾರು ಒಂದು ವರ್ಷ ಬೇಕಾಯಿತು. ಅಪಘಾತ ಆಗಿದ್ದಕ್ಕೇ ಈ ಆಲ್ಬಂ ಬಂತು ಅಂತ ಗಂಟು ಹಾಕೋದು ನನಗೆ ಇಷ್ಟ ಇಲ್ಲ, ಕಲಾವಿದರ ಬದುಕನ್ನು ಹಾಗೆ ಸಿನಿಮಾ ಕಥೆ ಥರ ಜೋಡಿಸೋರು ಬೇಕಾದಷ್ಟು ಜನ ಇದ್ದಾರೆ. ಆದರೂ ಆಲ್ಬಂನ ಮೊದಲ ಹಾಡಿನ ಹೆಸರು ‘ನನಗೆ ಉಳಿದಿರುವ ವರ್ಷಗಳಲ್ಲಿ’ ಅಂತ. ಅದೊಂದು ಪ್ರೇಮಗೀತೆ, ಗಂಡ ಹೆಂಡತಿ ಸೇರಿ ಬರೆದದ್ದು. ಸಾವನ್ನು ಹತ್ತಿರದಿಂದ ನೋಡಿ ಬಂದವರ ದನಿಯಲ್ಲಿ ಅದು ಬೇರೆ ಥರ ಕೇಳಿಸುತ್ತದೆ, ನನಗಂತೂ.

ಇನ್ನು ಮಾರುಕಟ್ಟೆ. 1993ರ ಜುಲೈನಲ್ಲಿ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡ್ ಲ್ಯಾಟಿನ್ ಆಲ್ಬಂಗಳಿಗೇ ಅಂತ ಒಂದು ಹೊಸ ಪಟ್ಟಿ ಶುರು ಮಾಡಿತು. ಅದರಲ್ಲಿ ಮೊಟ್ಟಮೊದಲು ನಂಬರ್ ಒನ್ ಆದದ್ದು ಇದೇ. ಒಟ್ಟು 58 ವಾರ ಆ ಜಾಗದಲ್ಲಿತ್ತು. ಇಂಗ್ಲಿಷೂ ಸೇರಿದ ದೊಡ್ಡ ಪಟ್ಟಿಯಲ್ಲಿ 27ರವರೆಗೆ ಏರಿತು. ಅವರಿಗೆ ಮೊದಲ ಗ್ರ್ಯಾಮಿ ತಂದುಕೊಟ್ಟದ್ದೂ ಇದೇ ಆಲ್ಬಂ. ಸ್ಪೇನ್ ದೇಶದಲ್ಲಂತೂ ಹತ್ತು ಲಕ್ಷಕ್ಕಿಂತ ಜಾಸ್ತಿ ಮಾರಾಟವಾಯಿತು. ಲೆಕ್ಕಾಚಾರವೇ ಆಗಿದ್ದರೂ ಕೆಟ್ಟ ಲೆಕ್ಕಾಚಾರ ಅಲ್ಲ ಬಿಡಿ!

ಪ್ರಶ್ನೆ: ‘ಹಳತು ಹೊಸತು ಎರಡನ್ನೂ ಬೆರೆಸಿದ ಆಲ್ಬಂ’ ಅಂತ ನೀವು ಬರೆದಿರಿ. ಎಲ್ಲರೂ ಎಲ್ಲದಕ್ಕೂ ಹೀಗೇ ಬರೆಯುತ್ತಾರೆ. ಯಾವುದು ಹಳತು, ಯಾವುದು ಹೊಸತು ಅಂತ ಬಿಡಿಸಿ ಹೇಳುತ್ತೀರಾ?

ಸರಿಯಾಗಿ ಹಿಡಿದಿರಿ. ಆ ಸಾಲು ಬರೆಯುವಾಗ ನಾನೂ ಸೋಮಾರಿಯಾಗಿದ್ದೆ. ಈಗ ಬಿಡಿಸುತ್ತೇನೆ.

ಹಳತು ಅಂದರೆ ಮುಖ್ಯವಾಗಿ ಎರಡು ಬಗೆ. ಒಂದು ‘ಸೋನ್’. ಕ್ಯೂಬಾದ ಪೂರ್ವ ಭಾಗದ ಗುಡ್ಡಗಾಡಿನಲ್ಲಿ ಹುಟ್ಟಿ, 20ನೇ ಶತಮಾನದ ಶುರುವಿನಲ್ಲಿ ಹವಾನಾ ಪೇಟೆಗೆ ಇಳಿದ ಸಂಗೀತ. ಸ್ಪೇನಿನಿಂದ ಬಂದ ತಂತಿವಾದ್ಯ ಮತ್ತು ಪದ ಕಟ್ಟುವ ರೀತಿ ಒಂದು ಕಡೆ, ಗುಲಾಮರಾಗಿ ಬಂದ ಆಫ್ರಿಕನ್ನರ ಡೋಲು ಮತ್ತು ಒಬ್ಬ ಹೇಳಿದ್ದಕ್ಕೆ ಉಳಿದವರು ಸೊಲ್ಲು ಹಿಡಿಯುವ ರೀತಿ ಇನ್ನೊಂದು ಕಡೆ. ಹಾಡಿನ ಮೊದಲರ್ಧದಲ್ಲಿ ಕಥೆ ಹೇಳಿ, ಎರಡನೇ ಅರ್ಧದಲ್ಲಿ ಒಂದೇ ಪಲ್ಲವಿಯನ್ನು ಗುಂಪು ಮತ್ತೆ ಮತ್ತೆ ಹಾಡುತ್ತಾ ಇರುತ್ತದೆ, ಅದರ ಮೇಲೆ ಮುಖ್ಯ ಗಾಯಕಿ ತನ್ನ ಮನಸ್ಸಿಗೆ ಬಂದಂತೆ ಆಡುತ್ತಾರೆ. ಆ ಎರಡನೇ ಭಾಗಕ್ಕೆ ‘ಮೊಂತುನೊ’ ಅಂತ ಹೆಸರು. ಆಲ್ಬಂನ ಒಂಬತ್ತನೇ ಹಾಡಿನ ಹೆಸರೂ ಅದೇ.

ಇನ್ನೊಂದು ‘ಬೊಲೇರೊ’. ಇದು ನಿಧಾನ, ಪ್ರೀತಿ ಮತ್ತು ವಿರಹದ ಹಾಡು. 19ನೇ ಶತಮಾನದ ಕೊನೆಗೆ ಸಾಂತಿಯಾಗೊ ದೆ ಕೂಬಾ ಎಂಬ ಊರಿನಲ್ಲಿ ರೂಪ ಪಡೆದು ಮೆಕ್ಸಿಕೊವರೆಗೂ ಹಬ್ಬಿತು. ಸ್ಪೇನಿನಲ್ಲಿ ಇದೇ ಹೆಸರಿನ ಕುಣಿತ ಒಂದಿದೆ, ಅದು ಬೇರೆ, ಇದು ಬೇರೆ. ಇವೆರಡರ ಜೊತೆ ‘ದಾನ್ಸೋನ್’ ಎಂಬ ಇನ್ನೂ ಹಳೇ ನೃತ್ಯ ಸಂಗೀತದ ನೆರಳೂ ಅಲ್ಲಲ್ಲಿ ಇದೆ. ಕೊಳಲು, ಪಿಟೀಲು ಇರುವ ಮರ್ಯಾದಸ್ಥರ ಸಂಗೀತ ಅದು.

ಈಗ ಹೊಸತು. ಇಲ್ಲೇ ಜನ ತಪ್ಪು ತಿಳಿಯೋದು. ಹೊಸತು ಅಂದ ತಕ್ಷಣ ಡ್ರಮ್ ಮೆಷೀನು, ಸಿಂಥಸೈಜರ್ ಹುಡುಕುತ್ತಾರೆ. ಇಲ್ಲಿ ಡೋಲು ಬಾರಿಸಿದ್ದು ಮನುಷ್ಯರು, ತುತ್ತೂರಿ ಊದಿದ್ದೂ ಮನುಷ್ಯರು. ಹೊಸತು ಇರೋದು ಬೇರೆ ಕಡೆ. ಮೊದಲನೆಯದಾಗಿ, ಹನ್ನೆರಡು ಹಾಡುಗಳಲ್ಲಿ ಒಂದೂ ಹಳೇ ಹಾಡಲ್ಲ! ಎಲ್ಲವನ್ನೂ ಹೊಸದಾಗಿ ಬರೆದು, ಹಳೇ ಹಾಡಿನಂತೆ ಕೇಳುವ ಹಾಗೆ ಕಟ್ಟಿದ್ದಾರೆ. ಇದು ಸಣ್ಣ ಮಾತಲ್ಲ. ಅದೇ ಕಾಲದ ಬೇರೆಯವರನ್ನು ನೋಡಿ. ಮೆಕ್ಸಿಕೊದ ಲೂಯಿಸ್ ಮಿಗೆಲ್ 1991ರಲ್ಲಿ ‘ರೊಮಾನ್ಸೆ’ ಮಾಡಿದಾಗ ಹಳೇ ಪ್ರಸಿದ್ಧ ಬೊಲೇರೊಗಳನ್ನೇ ಹೊಸ ವಾದ್ಯವೃಂದದ ಜೊತೆ ಹಾಡಿದರು. ಕೊಲಂಬಿಯಾದ ಕಾರ್ಲೋಸ್ ವೀವೆಸ್ 1993ರಲ್ಲಿ ತಮ್ಮ ನಾಡಿನ ವಾಯೆನಾತೊ ಎಂಬ ಹಳೇ ಜನಪದ ಹಾಡುಗಳಿಗೆ ರಾಕ್ ಬೆರೆಸಿದರು. ಇಬ್ಬರದೂ ಹಳೇ ಪದ, ಹೊಸ ಬಟ್ಟೆ. ಗ್ಲೋರಿಯಾ ಅವರದು ತಿರುಗುಮುರುಗು, ಹೊಸ ಪದಕ್ಕೆ ಅಜ್ಜಿಯ ಸೀರೆ ಉಡಿಸಿದ್ದು.

ಎರಡನೆಯದು, ಸದ್ದು. ನಿಜವಾದ 1940ರ ಹವಾನಾ ಧ್ವನಿಮುದ್ರಣಗಳನ್ನು ಕೇಳಿದರೆ ಎಲ್ಲಾ ವಾದ್ಯಗಳೂ ಒಂದೇ ಮೈಕಿನ ಮುಂದೆ ನೂಕಾಡಿದ ಹಾಗಿರುತ್ತದೆ. ಅದಕ್ಕೆ ಅದರದೇ ಚೆಂದ ಇದೆ. ಇಲ್ಲಿ ಒಂದೊಂದು ಬೊಂಗೊ ಏಟೂ, ಮರಾಕಾ ಅಲುಗಾಡಿಸಿದ್ದೂ ಬೇರೆ ಬೇರೆಯಾಗಿ ಸ್ವಚ್ಛವಾಗಿ ಕೇಳುತ್ತದೆ. ಅದು ಪಾಪ್ ಸ್ಟುಡಿಯೊದ ಶಿಸ್ತು. ಪಿಟೀಲುಗಳಿಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನೇ ಕರೆಸಿಕೊಂಡಿದ್ದಾರೆ. ಕೆಲವು ಕಡೆ ಅದು ಜಾಸ್ತಿಯಾಯಿತು ಅಂತ ನನ್ನ ಅಭಿಪ್ರಾಯ, ಪಾಯಸಕ್ಕೆ ಇನ್ನೊಂದು ಹಿಡಿ ಸಕ್ಕರೆ ಹಾಕಿದ ಹಾಗೆ. ಮೂರನೆಯದು ಅಳತೆ. ಹಳೇ ತಂಡಗಳು ಜನ ಕುಣಿಯುತ್ತಿರುವಷ್ಟು ಹೊತ್ತೂ ಪಲ್ಲವಿಯನ್ನು ಎಳೆಯುತ್ತಿದ್ದವು. ಇಲ್ಲಿ ಪಲ್ಲವಿ ಕಾವೇರುವಷ್ಟರಲ್ಲಿ ಹಾಡು ಮುಗಿಯುತ್ತದೆ, ರೇಡಿಯೊಗೆ ಅಷ್ಟೇ ಬೇಕು.

ಪ್ರಶ್ನೆ: ಚಪ್ಪಾಳೆ ಹಾಕೋಣ ಅಂದರೆ ಪ್ರತಿ ಸಲವೂ ತಪ್ಪುತ್ತದೆ. ತಾಳ ನನಗೆ ತಕ್ಕಮಟ್ಟಿಗೆ ಗೊತ್ತು. ಇಲ್ಲಿ ಏನು ಮೋಸ?

ಮೋಸ ಏನಿಲ್ಲ. ಎರಡು ವಿಷಯ ಗೊತ್ತಾದರೆ ಸಾಕು.

ಮೊದಲನೆಯದು ‘ಕ್ಲಾವೆ’. ಎರಡು ಗಟ್ಟಿ ಮರದ ತುಂಡುಗಳನ್ನು ಒಂದಕ್ಕೊಂದು ಬಡಿಯೋದು. ಹವಾನಾ ಬಂದರಿನಲ್ಲಿ ಹಡಗು ಕಟ್ಟುವವರು ಬಳಸುತ್ತಿದ್ದ ಮರದ ಗೂಟಗಳಿಂದ ಇದು ಬಂತು ಅನ್ನುತ್ತಾರೆ. ವಾದ್ಯಕ್ಕೂ ಅದೇ ಹೆಸರು, ಅದರಲ್ಲಿ ಬಾರಿಸುವ ಲಯಕ್ಕೂ ಅದೇ ಹೆಸರು. ಬಾಯಲ್ಲಿ ಒಂದರಿಂದ ಹದಿನಾರರವರೆಗೆ ಒಂದೇ ಸಮನೆ ಎಣಿಸಿ. 1, 4, 7, 11, 13 ಬಂದಾಗ ಮಾತ್ರ ತಟ್ಟಿ. ಮೊದಲರ್ಧದಲ್ಲಿ ಮೂರು ಏಟು, ಎರಡನೇ ಅರ್ಧದಲ್ಲಿ ಎರಡು. ಕೆಲವು ಹಾಡಿನಲ್ಲಿ ಇದು ತಲೆಕೆಳಗಾಗಿ ಎರಡು ಮೊದಲು, ಮೂರು ಆಮೇಲೆ ಬರುತ್ತದೆ. ನಾವು ಸಮವಾಗಿ ಬೀಳುವ ಚಪ್ಪಾಳೆಗೆ ಒಗ್ಗಿದ್ದೇವೆ, ಇದು ಒಂದು ಕಡೆ ಎಳೆದು ಇನ್ನೊಂದು ಕಡೆ ಬಿಡುತ್ತದೆ. ಕ್ಲಾವೆ ಕೇಳಿಸದೇ ಇದ್ದರೂ ಬಾರಿಸುವವರ ತಲೆಯಲ್ಲಿ ಅದು ಓಡುತ್ತಲೇ ಇರುತ್ತದೆ.

ಎರಡನೆಯದು ಬಾಸ್, ಅಂದರೆ ತಳದ ದಪ್ಪ ಸ್ವರ ಹಿಡಿಯುವ ತಂತಿವಾದ್ಯ. ಪಾಪ್ ಹಾಡಿನಲ್ಲಿ ಬಾಸ್ ‘ಒಂದು’ ಅನ್ನೋ ಕಡೆ ಧೊಪ್ ಅಂತ ಬೀಳುತ್ತದೆ. ಇಲ್ಲಿ ಅದು ಬೀಳುವ ಮುಂಚೆಯೇ ಬಂದು ಕೂತಿರುತ್ತದೆ, ‘ಒಂದು’ ಬರುವಾಗ ಸುಮ್ಮನಿರುತ್ತದೆ. ನೀವು ಕಾಲು ಇಡುವ ಹೊತ್ತಿಗೆ ಮೆಟ್ಟಿಲೇ ಇಲ್ಲ. ಅದಕ್ಕೇ ತಪ್ಪುತ್ತೀರಿ. ನಾನು ಮೂರು ದಿನ ತಪ್ಪಿದ್ದೆ, ಬೇಜಾರಾಗಬೇಡಿ. ಬರೀ ಬಾಸ್ ಹಿಡಿದು ಒಂದು ಹಾಡು ಪೂರ್ತಿ ಕೇಳಿ, ಆಮೇಲೆ ಚಪ್ಪಾಳೆಯ ಯೋಚನೆ ಮಾಡಿ.

ಪ್ರಶ್ನೆ: ಇದಕ್ಕೆ ಸಾಲ್ಸಾ ಅನ್ನಬಹುದಾ?

ಅಂಗಡಿಯವರು ಅನ್ನುತ್ತಾರೆ. ಸಾಲ್ಸಾ ಅನ್ನೋದು 1960–70ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಗಟ್ಟಿಯಾದ ಹೆಸರು. ಅಲ್ಲಿನ ಪೋರ್ಟೊರಿಕನ್ನರು, ಕ್ಯೂಬನ್ನರು ಸೋನ್ ಮುಂತಾದ ಕ್ಯೂಬಾ ಲಯಗಳ ಮೇಲೆ ಕಟ್ಟಿದ ನಗರದ ಸಂಗೀತ. ಈ ಆಲ್ಬಂ ಅದರ ತಾಯಿಬೇರಿನ ಕಡೆ ಹೋಗುತ್ತದೆ. ಇದರಲ್ಲಿ ತಿಂಬಾಲೆ (ಕೋಲಿನಿಂದ ಬಾರಿಸುವ ಜೋಡಿ ಡೋಲು) ಬಾರಿಸಿರುವ ತೀತೊ ಪುಯೆಂತೆ ಅವರಿಗೇ ಆ ಹೆಸರು ಹಿಡಿಸುತ್ತಿರಲಿಲ್ಲ. ಸಾಲ್ಸಾ ಅಂದರೆ ತಿನ್ನೋ ಸಾಸ್, ಅದನ್ನು ಬಾರಿಸೋಕೆ ಆಗುತ್ತಾ ಅಂತ ತಮಾಷೆ ಮಾಡುತ್ತಿದ್ದರು.

ಪ್ರಶ್ನೆ: ಒಂದು ಮಾತು ನೇರವಾಗಿ ಕೇಳುತ್ತೇನೆ. ಈಕೆ ಎರಡು ಮೂರು ವರ್ಷದ ಮಗುವಾಗಿದ್ದಾಗಲೇ ಕ್ಯೂಬಾ ಬಿಟ್ಟವರು. ನೆನಪೇ ಇಲ್ಲದ ಊರಿನ ಬಗ್ಗೆ ಇಷ್ಟೊಂದು ಅಳು ಯಾಕೆ? ಕ್ಯೂಬಾದಲ್ಲೇ ಉಳಿದವರ ಸಂಗೀತ ಅಲ್ವಾ ನಿಜವಾದ ಕ್ಯೂಬಾ ಸಂಗೀತ?

ಬಂದ ಪ್ರಶ್ನೆಗಳಲ್ಲಿ ಇದೇ ಒಳ್ಳೆಯದು. ಸಿಟ್ಟಿನಲ್ಲಿ ಕೇಳಿದ್ದೀರಿ ಅನ್ನೋದೂ ಗೊತ್ತಾಯಿತು.

ಮೊದಲು ನಿಮ್ಮ ಪರವಾಗಿಯೇ ಮಾತಾಡುತ್ತೇನೆ. 1957ರಲ್ಲಿ ಹವಾನಾದಲ್ಲಿ ಹುಟ್ಟಿದವರು ಅವರು. 1959ರಲ್ಲಿ ಕ್ರಾಂತಿಯಾಗಿ ಕ್ಯಾಸ್ಟ್ರೊ ಬಂದಮೇಲೆ ಮನೆಯವರು ಮಯಾಮಿಗೆ ಓಡಿಬಂದರು. ಅಪ್ಪ, ಕ್ಯಾಸ್ಟ್ರೊ ಸರ್ಕಾರ ಉರುಳಿಸೋಕೆ ಅಮೆರಿಕ ಮಾಡಿಸಿದ 1961ರ ‘ಬೇ ಆಫ್ ಪಿಗ್ಸ್’ ದಾಳಿಗೆ ಹೋಗಿ ಸಿಕ್ಕಿಬಿದ್ದು ಕ್ಯೂಬಾದ ಜೈಲಿನಲ್ಲಿದ್ದರು. ಅಂದರೆ ಮಗಳಿಗೆ ಆ ನೆಲ ಗೊತ್ತಿದ್ದದ್ದು ಕೇಳಿದ ಮಾತಿನಲ್ಲಿ. ಇನ್ನೂ ಒಂದು ಹೇಳಲಾ? ಆಲ್ಬಂಗೆ ಹೆಸರು ಕೊಟ್ಟ ಹಾಡನ್ನು ಬರೆದ ಎಸ್ತೆಫಾನೊ ಕ್ಯೂಬಾದವರೇ ಅಲ್ಲ, ಕೊಲಂಬಿಯಾದವರು. (ಹೆಸರು ಹತ್ತಿರ ಇದೆ ಅಂತ ಎಸ್ತೆಫಾನ್ ಮನೆಯವರ ನೆಂಟರು ಅಂದುಕೊಳ್ಳಬೇಡಿ.) ಇನ್ನು ‘ನಿಜವಾದ ಕ್ಯೂಬಾ’ ವಿಷಯ. 1993ರ ಹವಾನಾದಲ್ಲಿ ಹುಡುಗರು ಕುಣಿಯುತ್ತಿದ್ದದ್ದು ಸೋನ್‌ಗಲ್ಲ, ‘ತಿಂಬಾ’ಗೆ. ‘ಲೋಸ್ ವಾನ್ ವಾನ್’, ‘ಎನ್‌ಜಿ ಲಾ ಬಾಂದಾ’ ತಂಡಗಳ ಜೋರು ಸಂಗೀತ, ಫಂಕ್ ಬೆರೆತದ್ದು. ಸೋವಿಯತ್ ಒಕ್ಕೂಟ ಬಿದ್ದು ಊಟಕ್ಕೂ ಪೆಟ್ರೋಲಿಗೂ ಕೊರತೆ ಇದ್ದ ವರ್ಷಗಳು ಅವು, ಆದರೂ ಸಂಗೀತ ಮುಂದೆ ಓಡುತ್ತಿತ್ತು. ಅದೇ ಹೊತ್ತಿಗೆ ಮಯಾಮಿಯ ಒಂದು ಸ್ಟುಡಿಯೊದಲ್ಲಿ ಗಡಿಯಾರವನ್ನು 1940ರ ದಶಕಕ್ಕೆ ತಿರುಗಿಸಿ ಕೂತಿದ್ದರು. ಬಿಟ್ಟುಬಂದವರಿಗೆ ಊರು ಬಿಟ್ಟ ದಿನವೇ ಊರು ನಿಂತುಹೋಗುತ್ತದೆ, ಅಲ್ಲಿ ಉಳಿದವರಿಗೆ ಅದು ದಿನಾ ಬದಲಾಗುತ್ತಾ ಹೋಗುತ್ತದೆ. ಹೀಗಾಗಿ ‘ಮಿ ತಿಯೆರಾ’ದಲ್ಲಿ ಇರುವ ಕ್ಯೂಬಾ 1993ರ ನಕ್ಷೆಯಲ್ಲಿ ಇರಲಿಲ್ಲ. ಇಲ್ಲಿಯವರೆಗೆ ನೀವು ಹೇಳಿದ್ದು ಸರಿ.

ಆದರೆ ಆ ಸ್ಟುಡಿಯೊದಲ್ಲಿ ಯಾರು ಕೂತಿದ್ದರು ನೋಡಿ. ಬಾಸ್ ಹಿಡಿದವರಲ್ಲಿ ಒಬ್ಬರು ಇಸ್ರಾಯೆಲ್ ಲೋಪೆಸ್, ಎಲ್ಲರೂ ‘ಕಾಚಾವೊ’ ಅನ್ನುತ್ತಿದ್ದರು. 1918ರಲ್ಲಿ ಹುಟ್ಟಿದವರು. 1930ರ ದಶಕದ ಕೊನೆಯಲ್ಲಿ ಅಣ್ಣ ಒರೆಸ್ತೆಸ್ ಜೊತೆ ಸೇರಿ ದಾನ್ಸೋನ್ ಸಂಗೀತದ ಕೊನೇ ಭಾಗವನ್ನು ಬಿಚ್ಚಿ, ಮುಂದೆ ‘ಮಾಂಬೊ’ ಅಂತ ಜಗತ್ತು ಕುಣಿದದ್ದಕ್ಕೆ ಬೀಜ ಹಾಕಿದ ಮನುಷ್ಯ. ಕ್ಯೂಬಾ ಬಿಟ್ಟು ಬಂದಮೇಲೆ ಮಯಾಮಿಯಲ್ಲಿ ಮದುವೆ ಮನೆಗಳಲ್ಲಿ ಬಾರಿಸಿಕೊಂಡು, ಯಾರಿಗೂ ಅಷ್ಟಾಗಿ ಗೊತ್ತಿಲ್ಲದೆ ಇದ್ದರು! ಈ ಆಲ್ಬಂ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು. ಸ್ಯಾಕ್ಸೊಫೋನ್, ಕ್ಲಾರಿನೆಟ್ ನುಡಿಸುವ ಪಕೀತೊ ದೆ ರಿವೇರಾ 1980ರಲ್ಲಿ ತಂಡದ ಪ್ರವಾಸದ ನಡುವೆ ಸ್ಪೇನಿನಲ್ಲೇ ಉಳಿದು ಕ್ಯೂಬಾಗೆ ಬೆನ್ನು ಹಾಕಿದವರು. ಟ್ರಂಪೆಟ್ ಊದಿದ ಆರ್ತುರೊ ಸಾಂದೋವಾಲ್ ಬಂದದ್ದು 1990ರಲ್ಲಿ, ಅಂದರೆ ಮೊನ್ನೆ ಮೊನ್ನೆ. ಇವರಿಬ್ಬರೂ ಕ್ಯೂಬಾದ ‘ಇರಾಕೆರೆ’ ತಂಡ ಕಟ್ಟಿದವರಲ್ಲಿ ಸೇರಿದ್ದವರು. ಜಾಸ್, ರಾಕ್ ಎಲ್ಲಾ ಬೆರೆಸಿ ಹಳೆಯದನ್ನು ಒಡೆದು ಕಟ್ಟಿದ್ದವರು, ಇಲ್ಲಿ ಬಂದು ಅಜ್ಜಂದಿರ ರೀತಿಯಲ್ಲಿ ಸೌಮ್ಯವಾಗಿ ಊದುತ್ತಾರೆ. ಕ್ಯೂಬಾದವರೇ ಆದ ಗಿಟಾರ್ ವಾದಕ ಹುವಾನಿತೊ ಮಾರ್ಕೆಸ್ ಸಂಗೀತ ಜೋಡಿಸುವ ಕೆಲಸದಲ್ಲಿ ದೊಡ್ಡ ಪಾಲು ಹೊತ್ತರು. ಬೇರೆ ಬೇರೆ ದಶಕದಲ್ಲಿ ಊರು ಬಿಟ್ಟವರೆಲ್ಲ ಒಂದೇ ಕೋಣೆಯಲ್ಲಿ ಸೇರಿದ್ದರು. ಒಬ್ಬೊಬ್ಬರ ಊರು ಒಂದೊಂದು ವರ್ಷದಲ್ಲಿ ನಿಂತಿತ್ತು.

ಗ್ಲೋರಿಯಾಗೆ ನೆನಪಿಲ್ಲ, ನಿಜ. ನೆನಪಿದ್ದವರನ್ನು ಸುತ್ತ ಕೂರಿಸಿಕೊಂಡು ಹಾಡಿದರು. ಅದು ಸುಳ್ಳು ಅಂತ ನನಗೆ ಅನ್ನಿಸೋದಿಲ್ಲ. ಅಮ್ಮ, ಅಜ್ಜಿ ಹೇಳಿದ್ದನ್ನು ಕೇಳಿ ಕೇಳಿ ತನ್ನದೇ ಅಂದುಕೊಂಡ ಊರು ಅದು. ಕಂಡ ಊರನ್ನು ಕಳೆದುಕೊಂಡರೆ ಹೋಲಿಸಿ ನೋಡೋಕಾದರೂ ಏನೋ ಇರುತ್ತದೆ, ಕಾಣದ ಊರನ್ನು ಕಳೆದುಕೊಂಡವರಿಗೆ ಅದೂ ಇಲ್ಲ. ಅಳು ಸ್ವಲ್ಪ ಜಾಸ್ತಿ ಆಗಿದ್ದರೆ ಅದಕ್ಕೇ ಇರಬೇಕು. ಮತ್ತೆ, ಹವಾನಾದ ತಿಂಬಾ ಕೇಳಿದರೆ ಇದನ್ನು ಕೇಳಬಾರದು ಅಂತ ಯಾರೂ ಕಾನೂನು ಮಾಡಿಲ್ಲವಲ್ಲ. ನಾನು ಎರಡೂ ಕೇಳುತ್ತೇನೆ.

ಪ್ರಶ್ನೆ: ನಿಧಾನದ ಹಾಡುಗಳೆಲ್ಲ ಒಂದೇ ಥರ ಇವೆ. ನಿದ್ದೆ ಬಂತು.

‘ಮಿ ಬುವೆನ್ ಅಮೋರ್’ ಮತ್ತು ಅದರ ಹಿಂದೆಯೇ ಬರುವ ಹಾಡು, ಇವೆರಡರ ಹತ್ತಿರ ನಿದ್ದೆ ಬಂದಿದ್ದರೆ ಜಗಳ ಆಡೋದಿಲ್ಲ. ಆದರೆ ಅದಕ್ಕೂ ಮುಂಚೆ ಬರುವ ‘ಅಯೆರ್’ ಅನ್ನು ಮಾತ್ರ ಇನ್ನೊಂದು ಸಲ ಕೇಳಿ. ‘ನಿನ್ನೆ’ ಅಂತ ಅರ್ಥ. ಹುವಾನಿತೊ ಮಾರ್ಕೆಸ್ ಬರೆದದ್ದು. ಅದರಲ್ಲಿ ನಿದ್ದೆ ಬಂದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಸ್ಪ್ಯಾನಿಷ್ ಒಂದಕ್ಷರ ಬರೋದಿಲ್ಲ. ಅರ್ಥ ಗೊತ್ತಿಲ್ಲದೆ ಕೇಳಿ ಏನು ಪ್ರಯೋಜನ?

ಪ್ರಯೋಜನದ ಲೆಕ್ಕ ಹಾಕಿದರೆ ಹಾಡು ಕೇಳೋದನ್ನೇ ಬಿಡಬೇಕಾಗುತ್ತದೆ. ಹಾಡಿನ ಹೆಸರುಗಳ ಅರ್ಥ ಗೊತ್ತಿದ್ದರೆ ಅರ್ಧ ದಾರಿ ಆಯಿತು. ‘ನೊ ಆಯ್ ಮಾಲ್ ಕೆ ಪೊರ್ ಬಿಯೆನ್ ನೊ ವೆಂಗಾ’ ಅಂತ ಉದ್ದ ಹೆಸರಿನದೊಂದಿದೆ. ಅದು ಸ್ಪ್ಯಾನಿಷ್ ಗಾದೆ. ‘ಆಗೋದೆಲ್ಲಾ ಒಳ್ಳೇದಕ್ಕೇ’ ಅಂತೀವಲ್ಲ, ಅದೇ. ‘ಆಬ್ಲೆಮೊಸ್ ಎಲ್ ಮಿಸ್ಮೊ ಇದಿಯೊಮಾ’ ಅಂದರೆ ‘ಒಂದೇ ಭಾಷೆ ಮಾತಾಡೋಣ’, ಬೇರೆ ಬೇರೆ ದೇಶದ ಲ್ಯಾಟಿನ್ ಜನ ಒಟ್ಟಾಗಲಿ ಅಂತ ಆಸೆ. ಮಾತಿಗಿಂತ ನನಗೆ ಅದರ ಲಯವೇ ಹೆಚ್ಚು ಒಪ್ಪಿಸಿತು ಅನ್ನಿ. ಕೊನೆಯದು ‘ತ್ರಾದಿಸಿಯೋನ್’, ಸಂಪ್ರದಾಯ. ಹೆಸರು ಕೇಳಿ ಗಂಭೀರವಾಗಿ ಕೂರಬೇಡಿ, ಇಡೀ ಆಲ್ಬಂನಲ್ಲಿ ಮೈಬಿಟ್ಟು ಕುಣಿಯೋದು ಅದೇ.

ಪ್ರಶ್ನೆ: ‘ಬ್ಯೂನಾ ವಿಸ್ತಾ ಸೋಶಿಯಲ್ ಕ್ಲಬ್’ ಅನ್ನೋ ಕ್ಯೂಬಾ ಆಲ್ಬಂ ಇದಕ್ಕಿಂತ ಎಷ್ಟೋ ಮೇಲು. ಅದನ್ನು ನೋಡಿ ಮಾಡಿದ್ದಾ ಇದು?

ಅದು ಬಂದದ್ದು 1997ರಲ್ಲಿ, ಇದು 1993ರಲ್ಲಿ. ನೋಡಿ ಮಾಡೋಕೆ ಆಗ ಅದು ಇರಲೇ ಇಲ್ಲ. ಅದನ್ನು ಹವಾನಾದಲ್ಲೇ, ಅಲ್ಲೇ ಉಳಿದ ಹಿರಿಯರನ್ನು ಕೂರಿಸಿ, ಕೋಣೆಯ ಗಾಳಿಯೂ ಕೇಳುವ ಹಾಗೆ ಮುದ್ರಿಸಿದ್ದು. ಹಾಡುಗಳೂ ಬಹುಮಟ್ಟಿಗೆ ಹಳೆಯವೇ. ಯಾವುದು ಮೇಲು ಅಂದರೆ, ಒಂದನ್ನೇ ಇಟ್ಟುಕೊಳ್ಳಿ ಅಂತ ಯಾರಾದರೂ ಹೇಳಿದರೆ ನಾನೂ ಬ್ಯೂನಾ ವಿಸ್ತಾವನ್ನೇ ಇಟ್ಟುಕೊಂಡೇನು. ಹಾಗಂತ ಇದನ್ನು ಕೊಡೋಕೂ ಮನಸ್ಸು ಬರೋದಿಲ್ಲ.

ಪ್ರಶ್ನೆ: ನನಗಂತೂ ತುಂಬಾ ಹಿಡಿಸಿತು. ಮುಂದೆ ಏನು ಕೇಳಲಿ?

ಗ್ಲೋರಿಯಾ ಅವರದ್ದೇ ಬೇಕು ಅಂದರೆ 1995ರ ‘ಆಬ್ರಿಯೆಂದೊ ಪುಯೆರ್ತಾಸ್’. ಅದರಲ್ಲಿ ಕ್ಯೂಬಾ ಬಿಟ್ಟು ಕೊಲಂಬಿಯಾ ಕಡೆ ಹೊರಳುತ್ತಾರೆ, ಅಕಾರ್ಡಿಯನ್ ಸದ್ದು ಜಾಸ್ತಿ. 2000ದ ‘ಆಲ್ಮಾ ಕರಿಬೆನ್ಯಾ’ದಲ್ಲಿ ಕ್ಯೂಬಾದ ಹಿರಿಯ ಗಾಯಕಿ ಸೇಲಿಯಾ ಕ್ರೂಸ್ ಜೊತೆ ಒಂದು ಹಾಡಿದೆ, ಆ ಒಂದಕ್ಕೋಸ್ಕರ ಆಲ್ಬಂ ಕೇಳಬಹುದು. 2007ರ ‘90 ಮಿಯಾಸ್’ ಕೂಡ ಇದೇ ದಾರಿಯದು. ಫ್ಲಾರಿಡಾದ ತುದಿಯಿಂದ ಕ್ಯೂಬಾಗೆ ಇರುವ ದೂರ ಅಷ್ಟು ಮೈಲಿ, ಅದಕ್ಕೆ ಆ ಹೆಸರು. 2025ರಲ್ಲಿ ‘ರಾಯಿಸೆಸ್’ ಬಂತು, ಬೇರುಗಳು ಅಂತ ಅರ್ಥ. ಆದರೆ ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಮೊದಲು ಕಾಚಾವೊ ಅವರ ‘ಮಾಸ್ಟರ್ ಸೆಷನ್ಸ್’ ಹುಡುಕಿ. ‘ಮಿ ತಿಯೆರಾ’ ಆದಮೇಲೆ ಆ ಮುದುಕನಿಗೆ ತನ್ನದೇ ಹೆಸರಿನಲ್ಲಿ ಆಲ್ಬಂ ಮಾಡುವ ಅವಕಾಶ ಮತ್ತೆ ಸಿಕ್ಕಿತು. 1994ರಲ್ಲಿ ಬಂತು, ಗ್ರ್ಯಾಮಿಯೂ ಬಂತು. ಅದರಲ್ಲಿ ರೇಡಿಯೊದ ಅಳತೆ ಇಲ್ಲ, ಪಲ್ಲವಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಫೋನಿನ ಸಣ್ಣ ಸ್ಪೀಕರಿನಲ್ಲಿ ಬಾಸ್ ಕೇಳೋದೇ ಇಲ್ಲ.